ನೀರಿನ ಕರಾರು ರಿನ್ಯೂ ಮಾಡೋಕ್ ಮುಂಚೆ ಹೊಳೆ ನೋಡ್ರಿ

ಕೇಳುಗರಿಗೆಲ್ಲ ನಮಸ್ಕಾರ. ಚಿತ್ರದುರ್ಗದ ನಲ್ಲೀಗೆ ಸೂಳೆಕೆರೆ ಅಂದ್ರೆ ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ನೀರು ಬರುತ್ತೆ, ದಾವಣಗೆರೆಗೆ ತುಂಗಭದ್ರಾ ಹೊಳೆ, ಭದ್ರಾ ನಾಲೆ. ಬಿಲ್ ಎಷ್ಟು ಅಂತ ಕೇಳ್ತೀವಿ, ಆದ್ರೆ ಆ ನೀರಿನ ಹಿಂದಿರೋ ಅಗ್ರಿಮೆಂಟ್ ಮುಗಿದಾಗ ಹೊಳೆ ಹೆಂಗೈತೆ ಅಂತ ನೋಡ್ತಾರಾ ಇಲ್ವಾ, ಅದನ್ನ ಕೇಳಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕೇಳಿದ್ರು. ಅಲ್ಲಿ ಸ್ಯಾನ್ ವಾಕೀನ್ ಹೊಳೆಗೆ ಫ್ರಯಂಟ್ ಡ್ಯಾಮ್ ಕಟ್ಟಿ, ನೀರನ್ನೆಲ್ಲ ನಾಲೆಗೆ ತಿರುಗಿಸಿ, ನೀರಾವರಿ ಸಂಸ್ಥೆಗಳ ಜೊತೆ 40 ವರ್ಷದ ಕರಾರು ಮಾಡ್ಕೊಂಡಿದ್ರು. ಡ್ಯಾಮ್ ಕೆಳಗೆ ನೂರು ಕಿಲೋಮೀಟರ್ ಹತ್ರ ಹತ್ರ ಹೊಳೆ ಒಣಗಿ ಬರೀ ಮರಳಾಯ್ತು, ಸಮುದ್ರದಿಂದ ಮೊಟ್ಟೆ ಇಡೋಕೆ ಹತ್ತಿ ಬರ್ತಿದ್ದ ಸಾಲ್ಮನ್ ಮೀನು ಬರೋದೇ ನಿಂತೋಯ್ತು. 1980ರ ದಶಕದ ಕೊನೇಲಿ ಕರಾರು ಮುಗಿಯೋ ಟೈಮಿಗೆ ಸರ್ಕಾರ ಹೊಳೆ ಕಡೆ ತಿರುಗೀನೂ ನೋಡದೆ ಮತ್ತೆ 40 ವರ್ಷಕ್ಕೆ ಸೈನ್ ಹಾಕೋಕೆ ಹೊರಟಿತ್ತು, ಪರಿಸರದವರು ಕೋರ್ಟಿಗೆ ಹೋದ್ರು. 1992ರಲ್ಲಿ ಕಾನೂನೇ ಬಂತು: ಪರಿಸರ ಪರಿಶೀಲನೆ ಮುಗಿಯೋವರೆಗೂ ಎರಡು ಮೂರು ವರ್ಷದ ತಾತ್ಕಾಲಿಕ ಕರಾರು ಮಾತ್ರ, ಆಮೇಲೂ 25 ವರ್ಷ ಮೀರಂಗಿಲ್ಲ. ಅಳಿವಿನಂಚಿನ ಜೀವಿಗಳ ಬಗ್ಗೆ ಕಾನೂನು ಹೇಳಿದಂಗೆ ವಿಚಾರಿಸದೆ ಮಾಡಿದ ರಿನ್ಯೂವಲ್ ನಡೆಯಲ್ಲ ಅಂತ 1998ರಲ್ಲಿ ಮೇಲ್ಮನವಿ ಕೋರ್ಟು ಹೇಳ್ತು. ಆದ್ರೆ 2016ರ ಇನ್ನೊಂದು ಕಾಯ್ದೆ, ಡ್ಯಾಮ್, ನಾಲೆ ಕಟ್ಟಿದ ಖರ್ಚಲ್ಲಿ ತಮ್ಮ ಪಾಲಿನ ಬಾಕಿ ದುಡ್ಡು ಮೊದಲೇ ಕಟ್ಟಿದ್ರೆ ಕರಾರನ್ನ ಕಾಯಂ ಮಾಡ್ಕೋಬಹುದು ಅಂತು. ನನಗೆ ಇದು ತಪ್ಪು ಅನ್ಸುತ್ತೆ, ಮುಗಿಯೋ ದಿನಾನೇ ಇಲ್ಲ ಅಂದ್ಮೇಲೆ ಮತ್ತೆ ಕೂತು ನೋಡೋದು ಯಾವಾಗ?

ನಮ್ಮಲ್ಲಿ ಪರಿಸರಕ್ಕೆ ಏನು ಪರಿಣಾಮ ಆಗುತ್ತೆ ಅಂತ ಮೊದಲೇ ಪರಿಶೀಲಿಸ್ಬೇಕು ಅನ್ನೋ 2006ರ ಅಧಿಸೂಚನೆ ನೋಡೋದು ಹೊಸ ಪ್ರಾಜೆಕ್ಟು, ವಿಸ್ತರಣೆ ಇಂಥವನ್ನ. ಹಳೇ ನೀರು ಸರಬರಾಜು ಕರಾರು ಸುಮ್ನೆ ಮುಂದುವರಿದ್ರೆ ಅದ್ರ ಲೆಕ್ಕಕ್ಕೆ ಬರಲ್ಲ. ವಾಣಿವಿಲಾಸ ಸಾಗರಾನೇ ನೋಡ್ರಿ, 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಇಂಥ ಜಲಾಶಯದಿಂದ ವರ್ಷಾ ವರ್ಷಾ ಇಷ್ಟೇ ನೀರು ಅಂತ ಕಾಗದದಲ್ಲಿ ಒಂದೇ ಅಂಕಿ ಬರ್ಕೊಂಡು ಕೂತ್ರೆ ಬರಗಾಲದ ವರ್ಷ ಯಾರಿಗೆ ಕಡಿತ ಆಗುತ್ತೆ, ನಲ್ಲೀಗಾ, ತೋಟಕ್ಕಾ, ಕೆಳಗಿನ ವೇದಾವತಿ ಹೊಳೆಗಾ? ಊರಿನ ನೀರು ನಿಂತ್ರೆ ಜನ ಬೋರ್‌ವೆಲ್ಲಿಗೆ ಹೋಗ್ಬೇಕು, ನಮ್ಮ ಜಿಲ್ಲೇಲಿ ಎಷ್ಟೋ ಬೋರ್ ನೀರಲ್ಲಿ ಫ್ಲೋರೈಡ್ ಐತೆ, ಮಕ್ಕಳ ಹಲ್ಲು ನೋಡಿದ್ರೆ ಗೊತ್ತಾಗುತ್ತೆ.

ಅದಕ್ಕೆ ನಿಮ್ಮ ನಗರಸಭೇಲಿ, ಗ್ರಾಮಸಭೇಲಿ ನೀರಿನ ಕರಾರು ಮುಂದುವರಿಸೋ ಫೈಲ್ ಬಂದ ದಿನ ಹೋಗಿ ಕೇಳ್ರಿ: ಕೆರೇಲಿ ಹೂಳು ಎಷ್ಟು ತುಂಬೈತೆ, ಕಳೆದ ಕರಾರಿನ ಟೈಮಲ್ಲಿ ಎಷ್ಟು ನೀರು ನಿಜವಾಗ್ಲೂ ಬಂತು, ಹೊಳೆಗೆ ಅಂತ ಎಷ್ಟು ಬಿಡ್ತೀರಿ. ಉತ್ತರ ಬರಹದಲ್ಲಿ ಕೊಡಿ ಅನ್ರಿ, ಸಿಗಲಿಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ರಿ.