ಆರು ದಿನಗಳ ಅಳತೆ

ವೇದಿಕೆಯ ಮೇಲಿರುವ ಗುರುಗಳಿಗೆ, ಗ್ರಾಮ ಪಂಚಾಯಿತಿಯ ಹಿರಿಯರಿಗೆ, ಈ ಅರಿವು ಕೇಂದ್ರದ ಮೇಲ್ವಿಚಾರಕರಿಗೆ, ನನ್ನ ಸಹಪಾಠಿಗಳಿಗೆ, ಹೊಲದ ಕೆಲಸ ನಿಲ್ಲಿಸಿ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆತಾಯಿಯರಿಗೆ ನನ್ನ ನಮಸ್ಕಾರಗಳು.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯಾಗಿ ಕಳೆದ ಒಂದು ವಾರದಲ್ಲಿ ಶಾಲೆಯಲ್ಲಿ ಏನು ಕಲಿತೆ ಎಂಬುದನ್ನು ಇಲ್ಲಿ ಹೇಳಬೇಕೆಂದು ನಮ್ಮ ಕನ್ನಡದ ಗುರುಗಳು ಸೂಚಿಸಿದಾಗ, ನಾನು ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಸೋಮವಾರದ ಮೊದಲ ಪಿರಿಯಡ್ಡಿನಿಂದ ಬರೆಯತೊಡಗಿದೆ. ಎರಡು ಪುಟ ತುಂಬುವಷ್ಟರಲ್ಲಿ, ಗಂಟೆ ಬಾರಿಸಿದಂತೆಲ್ಲ ಪುಸ್ತಕ ಬದಲಾಗುತ್ತಿದ್ದರೂ ನಾವು ವಾರವೆಲ್ಲ ಮಾಡಿದ್ದು ಒಂದೇ ಕೆಲಸ ಎಂಬುದು ನನಗೆ ಹೊಳೆಯಿತು. ಆ ಕೆಲಸ ಅಳೆಯುವುದು. ಮಾತನ್ನು ಅಳೆದೆವು, ಜಮೀನನ್ನು ಅಳೆದೆವು, ಮಣ್ಣಿನ ಹುಳಿಯನ್ನೂ ಆಕಾಶದಿಂದ ಬಿದ್ದ ನೀರನ್ನೂ ಅಳೆದೆವು. ಆದುದರಿಂದ ದಿನಗಳ ಕ್ರಮವನ್ನು ಬಿಟ್ಟು, ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವ ಮಂಗಳವಾರದಿಂದ ಆರಂಭಿಸುತ್ತೇನೆ.

ಮನೆಯಲ್ಲಿರುವ ಪಹಣಿಗಳ, ಅಂದರೆ ಜಮೀನಿನ ದಾಖಲೆಗಳ, ಪ್ರತಿಗಳನ್ನು ತರಬೇಕೆಂದು ಗಣಿತದ ಶಿಕ್ಷಕಿಯವರು ಹಿಂದಿನ ದಿನವೇ ಹೇಳಿದ್ದರು. ನಾನು ತಂದ ಎರಡು ಪಹಣಿಗಳಲ್ಲಿ ಒಂದರ ವಿಸ್ತೀರ್ಣ 1.25 ಎಂದಿತ್ತು, ಇನ್ನೊಂದರದು 0.30 ಎಂದಿತ್ತು. ಎರಡನ್ನೂ ಕೂಡಿಸಿ ನಮ್ಮ ಒಟ್ಟು ಜಮೀನು ಎಷ್ಟೆಂದು ಬರೆಯಲು ಹೇಳಿದಾಗ, ನಾನು ಕಲಿತ ದಶಮಾಂಶದ ಸಂಕಲನವನ್ನು ಶ್ರದ್ಧೆಯಿಂದ ಮಾಡಿ 1.55 ಎಕರೆ ಎಂದು ಬರೆದೆ. ತರಗತಿಯ ಬಹುಪಾಲು ಮಕ್ಕಳು ತಮ್ಮ ತಮ್ಮ ಪಹಣಿಗಳನ್ನು ಹೀಗೆಯೇ ಕೂಡಿಸಿದ್ದರು. ಅದು ತಪ್ಪು. ಪಹಣಿಯಲ್ಲಿರುವ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ; ಅದರ ಎಡಕ್ಕೆ ಇರುವುದು ಎಕರೆ, ಬಲಕ್ಕೆ ಇರುವುದು ಗುಂಟೆ, ಅದರಾಚೆಗಿನದು ಆಣೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಹೀಗಾಗಿ 25 ಗುಂಟೆಗೆ 30 ಗುಂಟೆ ಸೇರಿದರೆ 55 ಗುಂಟೆಯಾಗಿ, ಅದರಲ್ಲಿ 40 ಗುಂಟೆ ಒಂದು ಎಕರೆಯಾಗಿ ಎಡಕ್ಕೆ ಸರಿದು, ನಮ್ಮ ಜಮೀನು ಒಟ್ಟು 2 ಎಕರೆ 15 ಗುಂಟೆ ಆಗುತ್ತದೆ. ನಾನು ಬರೆದ 1.55 ಎಕರೆಯನ್ನು ಗುಂಟೆಗೆ ಪರಿವರ್ತಿಸಿದರೆ ಬರುವುದು 62. ನಿಜವಾಗಿ ಇರುವುದು 95. ನನ್ನ ನೋಟುಪುಸ್ತಕದ ಒಂದು ಚುಕ್ಕಿಯಲ್ಲಿ 33 ಗುಂಟೆ ಭೂಮಿ ಇಲ್ಲವಾಗಿತ್ತು. ಪಾಲುಪಟ್ಟಿಯ ಕಾಲಕ್ಕೋ ಕ್ರಯದ ಕಾಲಕ್ಕೋ ಓದು ಬಾರದ ಒಬ್ಬ ಹೆಣ್ಣುಮಗಳ ಮುಂದೆ ಇಂತಹ ಲೆಕ್ಕವನ್ನು ಯಾರಾದರೂ ಇಟ್ಟರೆ ಅವಳು ಏನನ್ನು ಕಳೆದುಕೊಳ್ಳಬಹುದು ಎಂಬ ಯೋಚನೆ ಆ ಪಿರಿಯಡ್ಡು ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ.

ಅದೇ ದಿನ ಮಧ್ಯಾಹ್ನ ನಾವು ಆಟದ ಮೈದಾನದಲ್ಲಿ ಒಂದು ಗುಂಟೆಯನ್ನು ಹಗ್ಗದಿಂದ ಗುರುತಿಸಿದೆವು. ಒಂದೊಂದು ಬದಿಗೆ 33 ಅಡಿಯಂತೆ ಚೌಕ ಹಾಕಿದರೆ 1,089 ಚದರ ಅಡಿಯಾಗುತ್ತದೆ. ಅದರ ನಲವತ್ತು ಪಟ್ಟು 43,560 ಚದರ ಅಡಿ, ಅಂದರೆ ಒಂದು ಎಕರೆ. 33 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ನಾನು ಕೇಳಿದೆ. 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞನು ಭೂಮಾಪನಕ್ಕೆ 66 ಅಡಿಯ ಸರಪಳಿಯನ್ನು ರೂಪಿಸಿದನೆಂದೂ, ಅಂತಹ ಹತ್ತು ಚದರ ಸರಪಳಿಗೆ ಒಂದು ಎಕರೆಯಾಗುವುದೆಂದೂ, ನಮ್ಮ 33 ಅಡಿ ಸರಿಯಾಗಿ ಆ ಸರಪಳಿಯ ಅರ್ಧವೆಂದೂ ಶಿಕ್ಷಕಿಯವರು ವಿವರಿಸಿದರು. ನಾಲ್ಕು ಶತಮಾನಗಳ ಹಿಂದಿನ ಒಂದು ಸರಪಳಿಯ ಅಳತೆ ಇವತ್ತಿಗೂ ನಮ್ಮ ಬದುಗಳ ಲೆಕ್ಕದಲ್ಲಿ ಉಳಿದಿದೆ.

ಆದರೆ ಹಗ್ಗ ಹಿಡಿದವರಿಗೆ ಒಂದು ತೊಡಕು ಎದುರಾಯಿತು. ನಾಲ್ಕು ಬದಿಗಳೂ 33 ಅಡಿ ಇದ್ದರೂ ನಮ್ಮ ಚೌಕ ವಾರೆಯಾಗಿತ್ತು. ಬದಿಗಳು ಸರಿಯಿದ್ದು ಮೂಲೆಗಳು ಸರಿಯಿಲ್ಲದಿದ್ದರೆ ವಿಸ್ತೀರ್ಣ ಕಡಿಮೆಯಾಗುತ್ತದೆ. ಆಗ ಸಾಮಾನ್ಯವಾಗಿ ಕೊನೆಯ ಬೆಂಚಿನಲ್ಲಿ ಮೌನವಾಗಿರುವ, ತಂದೆಯೊಡನೆ ರಜಾದಿನಗಳಲ್ಲಿ ಗಾರೆ ಕೆಲಸಕ್ಕೆ ಹೋಗುವ ಸಹಪಾಠಿಯೊಬ್ಬನು ಮುಂದೆ ಬಂದು, ಒಂದು ಬದಿಯ ಮೇಲೆ ಮೂರು ಅಡಿಗೂ ಇನ್ನೊಂದು ಬದಿಯ ಮೇಲೆ ನಾಲ್ಕು ಅಡಿಗೂ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ಹಗ್ಗವನ್ನು ಸರಿಸಿದನು. ಪಾಯ ತೆಗೆಯುವಾಗ ಮೂಲೆಮಟ್ಟ ಸಿಗದಿದ್ದರೆ ಹೀಗೆಯೇ ಮಾಡುತ್ತಾರೆಂದು ಅವನು ಹೇಳಿದನು. ಪೈಥಾಗೊರಸನ ಪ್ರಮೇಯವನ್ನು ಕಪ್ಪುಹಲಗೆಯ ಮೇಲೆ ನಾನು ತಪ್ಪಿಲ್ಲದೆ ಬರೆಯಬಲ್ಲೆ. ಅದನ್ನು ನೆಲದ ಮೇಲೆ ಇರಿಸಿದವನು ಅವನು. ಶುಕ್ರವಾರದ ಕಿರುಪರೀಕ್ಷೆಯಲ್ಲಿ ಒಂದು ಎಕರೆಗೆ ಎಷ್ಟು ಗುಂಟೆ ಎಂಬ ಪ್ರಶ್ನೆಗೆ ಎಲ್ಲರಿಗೂ ಅಂಕ ದೊರೆಯಿತು. ಚೌಕದ ಮೂಲೆಯನ್ನು ನೇರ ಮಾಡುವುದು ಹೇಗೆ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಅದು ಇರಬೇಕಾಗಿತ್ತು ಎಂದು ನಾನು ಗುರುಗಳ ಸಮ್ಮುಖದಲ್ಲಿಯೇ ವಿನಯಪೂರ್ವಕವಾಗಿ ಹೇಳಲು ಬಯಸುತ್ತೇನೆ.

ಇನ್ನು ಸೋಮವಾರದ ಕನ್ನಡ ತರಗತಿ. ಅಂದು ನಾವು ಆರು ಸಾಲಿನ ಪದ್ಯವಾದ ಭಾಮಿನೀ ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು, ಅಂದರೆ ಅಕ್ಷರಗಳಿಗೆ ಲಘು ಗುರುಗಳ ಗುರುತು ಹಾಕಿ ಎಣಿಸುವುದನ್ನು, ಕಲಿತೆವು. ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆಯೇ ಮಾತ್ರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು, ಅಂದರೆ ಗುಂಪುಗಳು, ಎರಡು ಸಲ ಬಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅವೇ ಗಣಗಳು ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆ. ಪಠ್ಯದ ಪದ್ಯಗಳಿಗೆ ಪ್ರಸ್ತಾರ ಹಾಕುವುದು ನಮಗೆ ಅಂಕಗಳ ವಿಷಯವಷ್ಟೇ ಆಗಿತ್ತು. ಆದರೆ ಗುರುಗಳು, ಮನೆಯಲ್ಲಿ ಆಡುವ ಮಾತಿನಿಂದ ಸ್ವಂತವಾಗಿ ಒಂದು ಸಾಲನ್ನು ಕಟ್ಟಿರೆಂದು ಹೇಳಿದಾಗ ವಿಷಯವೇ ಬೇರೆಯಾಯಿತು. ನಾನು ಮತ್ತು ನನ್ನ ಗೆಳತಿ ಕೂಡಿ 'ರಾಗಿ ಮುದ್ದೆಯ ಮೇಲೆ ತುಪ್ಪವ' ಎಂದು ಬರೆದು ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಸರಿಯಾಗಿ 14 ಬಂತು. ಊಟದ ಮನೆಯ ಮಾತೊಂದು ತಾನಾಗಿಯೇ ಛಂದಸ್ಸಿನೊಳಗೆ ಬಂದು ಕುಳಿತದ್ದನ್ನು ಕಂಡು ನಮಗಾದ ಸಂತೋಷವನ್ನು ವರ್ಣಿಸಲು ನನಗೆ ಬರುವುದಿಲ್ಲ.

ಎಲ್ಲ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸಕ್ಕೆ ಗಕಾರವೇ ಬೇಕಾದ್ದರಿಂದ ಎರಡನೆಯ ಸಾಲನ್ನು 'ಬಾಗಿ ಬಡಿಸಿದ ನಮ್ಮ ಅಜ್ಜಿಯು' ಎಂದು ಬರೆದೆವು. ಎಣಿಕೆಗೆ ಇದೂ 14. ಗುರುಗಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, 'ನಮ್ಮ' ಮತ್ತು 'ಅಜ್ಜಿ' ಸಂಧಿಯಾಗಿ 'ನಮ್ಮಜ್ಜಿ' ಎಂದಾಗಬೇಕಲ್ಲವೇ, ಆಗ ನಿಮ್ಮ ಲೆಕ್ಕ ಏನಾಗುತ್ತದೆ ಎಂದು ಕೇಳಿದರು. ಎಣಿಸಿ ನೋಡಿದರೆ ಒಂದು ಮಾತ್ರೆ ಕಡಿಮೆ, ಗಣವೂ ಮುರಿದಿತ್ತು. ಇಡೀ ಪಿರಿಯಡ್ಡು ಆ ಒಂದು ಮಾತ್ರೆಗಾಗಿ ಕಳೆಯಿತು. ಕೊನೆಗೆ ನನ್ನ ಗೆಳತಿ, ಅಜ್ಜಿ ಎಂದರೆ ತಾಯಿಯ ತಾಯಿ ತಾನೇ ಎಂದಳು. 'ಬಾಗಿ ಬಡಿಸಿದ ತಾಯ ತಾಯಿಯು'. ಮಾತ್ರೆ ಸರಿಹೋಯಿತು, ಸಾಲೂ ಮೊದಲಿಗಿಂತ ಚೆನ್ನಾಯಿತು. ಅಳತೆಯ ಕಟ್ಟು ಮಾತನ್ನು ಬಿಗಿಯುತ್ತದೆ ಎಂದಷ್ಟೇ ತಿಳಿದಿದ್ದ ನಾನು, ನಾವು ಹುಡುಕದೆ ಇದ್ದ ಮಾತನ್ನು ಅದೇ ಕಟ್ಟು ಹುಡುಕಿಸುತ್ತದೆ ಎಂಬುದನ್ನು ಅಂದು ಕಂಡೆ.

ಬುಧವಾರ ವಿಜ್ಞಾನದ ತರಗತಿಯಲ್ಲಿ ಹೊಲಗಳಿಂದ ತಂದ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಹುಳಿಯ ಪ್ರಮಾಣವನ್ನು ತೋರಿಸುವ ಪಿಎಚ್ ಕಾಗದವನ್ನು ಅದ್ದಿ ನೋಡಿದೆವು. ಏಳು ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆರರಿಂದ ಐದಕ್ಕೆ ಇಳಿದರೆ ಆಮ್ಲೀಯತೆ ಒಂದರಷ್ಟಲ್ಲ, ಹತ್ತು ಪಟ್ಟು ಹೆಚ್ಚುತ್ತದೆ ಎಂಬುದು ಹೊಸ ಸಂಗತಿ. ಮಣ್ಣು ಹುಳಿಯಾಗಿದ್ದರೆ ಹೊಲಕ್ಕೆ ಸುಣ್ಣ ಹಾಕುವುದೇಕೆ ಎಂಬುದಕ್ಕೂ ಅಂದು ಉತ್ತರ ಸಿಕ್ಕಿತು.

ಗುರುವಾರದ್ದು ಮಳೆಯ ಪಾಠ. ನೇರ ಗೋಡೆಯ ಡಬ್ಬಿಯೊಂದನ್ನು ಶಾಲೆಯ ಮುಂದಿನ ಬಯಲಿನಲ್ಲಿ ನೆಟ್ಟು, ಹವಾಮಾನ ಇಲಾಖೆಯವರು ಅಳೆಯುವಂತೆಯೇ ಬೆಳಿಗ್ಗೆ 8:30ಕ್ಕೆ ನೀರಿನ ಎತ್ತರವನ್ನು ಗುರುತಿಸಿಕೊಳ್ಳುವ ಕೆಲಸ, ಶಾಲೆಗೆ ಹತ್ತಿರದ ಮನೆಯವಳಾದ ನನಗೆ ಬಂದಿದೆ. ಅಂದು ಬಿದ್ದದ್ದು 14 ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಈ ಲೆಕ್ಕದಂತೆ ನಮ್ಮ 95 ಗುಂಟೆಗೆ ಅಂದು ಬಿದ್ದ ನೀರು 1,34,000 ಲೀಟರಿಗೂ ಹೆಚ್ಚು. ಸಂಜೆ ಇದನ್ನು ತಾತನಿಗೆ ಹೇಳಿದೆ. ಅವರು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಕೈಯಿಂದ ಅಳೆದು, "ಇನ್ನೂ ಗೇಣು ಹಸಿ ಆಗಿಲ್ಲ ಮಗಳೇ, ಹದ ಆಗೋಕೆ ಇನ್ನೊಂದು ಮಳೆ ಬೇಕು" ಎಂದರು. ನನ್ನ ಡಬ್ಬಿ ಹೇಳಿದ್ದು ಬಿದ್ದ ಮಳೆಯನ್ನು. ತಾತನ ಗೇಣು ಹೇಳಿದ್ದು ಬೇರಿಗೆ ತಲುಪಿದ ಮಳೆಯನ್ನು. ಎರಡೂ ಬೇಕೆಂದು ನನಗೆ ತೋರುತ್ತದೆ, ಏಕೆಂದರೆ ಹರಿದುಹೋದ ನೀರೆಷ್ಟು ಎಂಬುದು ಈ ಎರಡು ಅಳತೆಗಳನ್ನು ಜೊತೆಗಿಟ್ಟು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ತಾತ ಮಳೆಯನ್ನು ತಾರೀಖಿನಿಂದ ಗುರುತಿಸುವುದಿಲ್ಲ. ಮಖೆ, ಹುಬ್ಬೆ, ಉತ್ತರೆ ಎಂದು ನಕ್ಷತ್ರದಿಂದ ಗುರುತಿಸುತ್ತಾರೆ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಈಗ ನನ್ನ ಮಳೆಯ ಪುಸ್ತಕದಲ್ಲಿ ತಾರೀಖು, ಮಳೆಯ ಹೆಸರು, ಮಿಲಿಮೀಟರ್, ಗೇಣು ಎಂದು ನಾಲ್ಕು ಕಲಮುಗಳಿವೆ.

ಶುಕ್ರವಾರ ಬಿಸಿಯೂಟದ ಅಡುಗೆಮನೆಗೆ ಹೋಗಿದ್ದೆವು. ತಲೆಗೆ 150 ಗ್ರಾಂ ಧಾನ್ಯದಂತೆ 120 ಮಕ್ಕಳಿಗೆ 18 ಕಿಲೋ ಎಂಬ ಲೆಕ್ಕವನ್ನು ನಾವು ಹಾಕಿದರೆ, ಅಡುಗೆಯ ಅಮ್ಮನವರು ಸೇರು ಪಾವಿನಲ್ಲಿ ಅಕ್ಕಿ ಅಳೆಯುತ್ತ, ಹಾಜರಿಯ ಸಂಖ್ಯೆ ಬರುವವರೆಗೆ ನೀರು ಕಾಯಿಸುತ್ತಾರೆಯೇ ಹೊರತು ಅಕ್ಕಿ ಹಾಕುವುದಿಲ್ಲ ಎಂಬುದನ್ನು ತೋರಿಸಿದರು. ಸಂತೆಯ ದಿನ ಬರುವ ಮಕ್ಕಳು ಕಡಿಮೆ ಎಂಬುದೂ ಅವರ ಲೆಕ್ಕದಲ್ಲಿದೆ.

ಶನಿವಾರ ನಮ್ಮದೇ ತಾಲ್ಲೂಕಿನ ಹಲ್ಮಿಡಿಗೆ ಹೋದೆವು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸಿದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನದ ಮೂಲ ಕಲ್ಲು ಈಗ ಅಲ್ಲಿಲ್ಲ. ಆ ಕಲ್ಲು ಎದ್ದುಬಂದ ನೆಲದ ಮೇಲೆ ನಿಂತು ಗುರುಗಳು ಅದರ ಹದಿನಾರು ಸಾಲುಗಳನ್ನು ಓದಿ ಹೇಳಿದರು. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಬಾಳ್ಗಳ್ಚು ಎಂದು, ಅಂದರೆ ಕತ್ತಿ ತೊಳೆಯುವ ಗೌರವದೊಡನೆ, ಎರಡು ಹಳ್ಳಿಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಅವುಗಳಲ್ಲಿ ಒಂದು ಹಲ್ಮಿಡಿಯೇ. ಕೊನೆಯಲ್ಲಿ ಗದ್ದೆಯ ವಿಷಯದಲ್ಲಿ 'ಪತ್ತೊಂದಿ' ಎಂಬ ಪದ ಬರುತ್ತದೆ. ಅದನ್ನು ಹತ್ತರಲ್ಲಿ ಒಂದು ಪಾಲು ಎಂದು ವಿದ್ವಾಂಸರು ಅರ್ಥ ಮಾಡಿದ್ದಾರೆ. ಪತ್ತು ಹತ್ತಾಯಿತು, ಪಳ್ಳಿ ಹಳ್ಳಿಯಾಯಿತು, ಪಾಲು ಹಾಲಾಯಿತು ಎಂದು ವ್ಯಾಕರಣದ ಪಾಠದಲ್ಲಿ ಬಾಯಿಪಾಠ ಮಾಡಿದ್ದ ನಾನು, ನಮ್ಮ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲೊಂದರ ಒಳಗೆ ಗದ್ದೆಯ ಒಂದು ಲೆಕ್ಕ ಕುಳಿತಿರುವುದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದೆ. ಹಿಂತಿರುಗುವಾಗ ಬಸ್ಸಿನಲ್ಲಿ ಗುರುಗಳು, ಖಂಡುಗ ಗದ್ದೆ ಎಂದರೆ ಒಂದು ಖಂಡುಗ ಬಿತ್ತನೆಯ ಬೀಜ ಹಿಡಿಯುವಷ್ಟು ಗದ್ದೆ ಎಂದು ತಿಳಿಸಿದರು. ಒಂದು ಕಡೆ ಕಬ್ಬಿಣದ ಸರಪಳಿಯಿಂದ ಅಳೆದ ಭೂಮಿ, ಇನ್ನೊಂದು ಕಡೆ ಬೀಜದಿಂದ ಅಳೆದ ಭೂಮಿ. ಬೀಜದ ಅಳತೆಯಲ್ಲಿ ಮಣ್ಣಿನ ಗುಣವೂ ಸೇರಿರುತ್ತದೆ. ಸರಪಳಿಗೆ ಅದು ಕಾಣುವುದಿಲ್ಲ. ಆದರೆ ಬೇರೆ ಊರಿನವನೊಡನೆ ವ್ಯವಹರಿಸಬೇಕಾದಾಗ ಸರಪಳಿಯೇ ನ್ಯಾಯವಾದದ್ದು.

ನಮ್ಮ ಊರಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆಯಿದೆ. ಗೇಣು, ಮೊಳ, ಮಾರು, ಕೊಳಗ, ಪಾವು ಇವುಗಳಲ್ಲಿ ಎಣಿಸಬಲ್ಲವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬೊಬ್ಬರು ತಿಂಗಳಿಗೊಂದು ಶನಿವಾರ ನಮ್ಮ ತರಗತಿಗೆ ಬಂದು, ತಾವು ಯಾವುದನ್ನು ಹೇಗೆ ಅಳೆಯುತ್ತೀರಿ ಎಂಬುದನ್ನು ತೋರಿಸಿದರೆ ನಾವು ಅದನ್ನು ಬರೆದಿಟ್ಟುಕೊಳ್ಳುತ್ತೇವೆ. ನೀವು ತರುವ ಪಹಣಿಗಳನ್ನು ಕೂಡಿಸಿಕೊಡುವ ಕೆಲಸವನ್ನು, ಈ ಸಲ ತಪ್ಪಿಲ್ಲದೆ, ನಾವು ಮಾಡಿಕೊಡುತ್ತೇವೆ.

ನಮ್ಮ ಷಟ್ಪದಿಯ ಮೂರನೆಯ ಸಾಲು ಇನ್ನೂ ಆಗಿಲ್ಲ. ಅದಕ್ಕೆ 23 ಮಾತ್ರೆ ಬೇಕು, ಎರಡನೆಯ ಅಕ್ಷರ ಗಕಾರವಾಗಿರಬೇಕು, ಅದರ ಹಿಂದಿನದು ದೀರ್ಘವಾಗಿರಬೇಕು. ಸೋಮವಾರ ಮೊದಲ ಪಿರಿಯಡ್ಡಿಗೆ ಅದನ್ನು ಒಪ್ಪಿಸಬೇಕಾಗಿದೆ. ಮುದ್ದೆ ತುಪ್ಪದ ಆ ಊಟದಲ್ಲಿ ಮುಂದೆ ಏನಾಯಿತೆಂದು ಈ ಸಭೆಯಲ್ಲಿ ಯಾರಿಗಾದರೂ ಹೊಳೆದರೆ, ಹೊರಡುವ ಮುನ್ನ ನನಗೂ ನನ್ನ ಗೆಳತಿಗೂ ದಯವಿಟ್ಟು ಹೇಳಿ.