ಊರ ಮುಂದಿನ ವೀರಗಲ್ಲುಗಳು

ವೇದಿಕೆಯ ಮೇಲಿರುವ ಹಿರಿಯರೆ, ಅಧ್ಯಾಪಕ ಬಂಧುಗಳೆ, ವಿದ್ಯಾರ್ಥಿ ಮಿತ್ರರೆ,

ಕರ್ನಾಟಕದ ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಂಪಿಯ ಕಲ್ಲಿನ ರಥ, ಹಳೇಬೀಡಿನ ಭಿತ್ತಿಗಳು, ಬಾದಾಮಿಯ ಗುಹೆಗಳು, ವಿಜಯಪುರದ ಗೋಳಗುಮ್ಮಟ. ಇವು ಬಹುಪಾಲು ಅರಸರೂ ಅವರ ದಂಡನಾಯಕರೂ ಮಾಡಿಸಿದ ಕೆಲಸಗಳು. ಇವುಗಳ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅರಸನ ಆಸ್ಥಾನವನ್ನು ಎಂದೂ ಕಾಣದ, ತನ್ನ ಊರಿನ ದನಗಳಿಗಾಗಿ, ತನ್ನ ಊರಿನ ಹೆಣ್ಣುಮಕ್ಕಳಿಗಾಗಿ, ಗಡಿಯ ಒಂದು ತುಂಡು ನೆಲಕ್ಕಾಗಿ ಕಾದಿ ಸತ್ತ ಸಾಮಾನ್ಯನ ಇತಿಹಾಸ ಎಲ್ಲಿದೆ ಎಂದು ಕೇಳಿದರೆ, ಅದು ನಮ್ಮ ಊರುಗಳ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳಲ್ಲಿದೆ. ಆ ಕಲ್ಲುಗಳನ್ನು ಅವು ನಿಂತಿರುವ ನೆಲದಲ್ಲಿಯೇ ಉಳಿಸಿಕೊಂಡು ಓದಬೇಕು ಎಂಬುದಷ್ಟೇ ಇಂದಿನ ನನ್ನ ಮಾತಿನ ತಿರುಳು.

ಸೊರಬ, ಶಿಕಾರಿಪುರದ ಕಡೆಯ ಊರುಗಳಲ್ಲಿ ಅಡ್ಡಾಡಿದವರಿಗೆ ಈ ಕಲ್ಲುಗಳು ಹೊಸವಲ್ಲ. ಕೆಲವು ಗುಡಿಗಳ ಅಂಗಳದಲ್ಲಿ ಸಾಲುಸಾಲಾಗಿಯೇ ನಿಂತಿವೆ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾದುವ ವೀರನ ಒಂದೇ ಚಿತ್ರವಿದ್ದು ಅದರ ಸುತ್ತ ಅಕ್ಷರಗಳಿರುತ್ತವೆ. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲಕ್ಕೆ ಮೂರು ಅಂತಸ್ತಿನ ರೂಪ ನೆಲೆಯಾಯಿತು. ಅಂತಹ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ ನಡೆದಿರುತ್ತದೆ: ಕೈಯಲ್ಲಿ ಬಿಲ್ಲೋ ಕತ್ತಿ ಗುರಾಣಿಗಳೋ ಇರುವ ವೀರ, ಎದುರಿಗೆ ಶತ್ರುಗಳು, ತುರುಗೊಳ್, ಎಂದರೆ ದನಗಳಿಗಾಗಿ ನಡೆದ ಕಾಳಗವಾದರೆ, ಒಂದು ಬದಿಯಲ್ಲಿ ಹಸುಗಳ ಹಿಂಡು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಇಕ್ಕೆಲದಲ್ಲಿ ನಿಂತು ಅವನನ್ನು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಎಲ್ಲಕ್ಕಿಂತ ಮೇಲೆ ಅವನು ಶಿವಲಿಂಗದ ಎದುರು ಕೈಮುಗಿದು ಕುಳಿತಿರುತ್ತಾನೆ, ಪಕ್ಕದಲ್ಲಿ ಪೂಜಾರಿ ಇರುತ್ತಾನೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರರು. ಅವರಿರುವ ತನಕ ಈ ಹೆಸರು ಇರಲಿ ಎಂಬುದು ಅದರ ಆಶಯ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಒಂದೆರಡು ಸಾಲು ಹಳಗನ್ನಡ: ಇಂಥವನ ಮಗ ಇಂಥವನು, ಇಂಥ ಅರಸನ ಆಳ್ವಿಕೆಯಲ್ಲಿ, ತುರುಗಳನ್ನು ಮರಳಿಸಿ ಸುರಲೋಕಪ್ರಾಪ್ತನಾದನು. ಅನೇಕ ಕಲ್ಲುಗಳಲ್ಲಿ ಇದರೊಂದಿಗೆ ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕವೂ ಬರುತ್ತದೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ. ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬುದು ಅದರ ಭಾವ.

ಈ ಸಾವುಗಳಿಗೆ ಕಾರಣಗಳು ಹಲವು. ಜಾನುವಾರುಗಳೇ ಊರಿನ ಸಂಪತ್ತಾಗಿದ್ದ ಕಾಲದಲ್ಲಿ ತುರುಗಳನ್ನು ಹೊಡೆದುಕೊಂಡು ಹೋಗುವುದೇ ಯುದ್ಧದ ಮೊದಲ ಹೆಜ್ಜೆಯಾಗಿತ್ತು. ಆದ್ದರಿಂದ ತುರುಗೊಳ್ ಕಲ್ಲುಗಳು ಎಲ್ಲೆಡೆ ಕಾಣುತ್ತವೆ. ಹೆಣ್ಣುಮಕ್ಕಳ ಮಾನ ಕಾಯಲು ಕಾದಿದ ಪೆಣ್ಬುಯ್ಯಲ್, ಊರನ್ನೇ ಸುಡಲು ಬಂದವರನ್ನು ತಡೆದ ಊರಳಿವು, ಗಡಿಯ ಜಗಳಗಳು, ಹುಲಿ ಹಂದಿಗಳೊಡನೆ ನಡೆದ ಹೋರಾಟಗಳು, ಇವೆಲ್ಲಕ್ಕೂ ಕಲ್ಲುಗಳಿವೆ. ಸತ್ತವನ ಮನೆಯವರನ್ನು ಊರು ಕೈಬಿಡುತ್ತಿರಲಿಲ್ಲ. ನೆತ್ತರುಗೊಡಗೆಯೆಂದು ಅವರಿಗೆ ಭೂಮಿ ಬಿಡುತ್ತಿದ್ದರು. ಶೌರ್ಯಕ್ಕೆ ಹೀಗೆ ನೆಲವನ್ನು ಕೊಡುವ ಪದ್ಧತಿ ಎಷ್ಟು ಹಳೆಯದೆಂದರೆ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ, ನಾವೆಲ್ಲ ಪಠ್ಯದಲ್ಲಿ ಓದಿರುವ ಆ ಪ್ರಸಿದ್ಧ ಶಾಸನವೂ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಬಾಳ್ಗಳ್ಚಾಗಿ, ಎಂದರೆ ಶೌರ್ಯದ ಕೊಡುಗೆಯಾಗಿ, ಹಳ್ಳಿಗಳನ್ನು ಕೊಟ್ಟ ಸಂಗತಿಯನ್ನೇ ಹೇಳುತ್ತದೆ. ಅದರ ಲಿಪಿ, ಭಾಷೆಗಳ ಬಗ್ಗೆ ನಾವು ಬಹಳ ಮಾತನಾಡಿದ್ದೇವೆ. ಅದು ಒಬ್ಬ ಯೋಧನ ಕಲ್ಲೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಬೆಂಗಳೂರಿನ ಬೇಗೂರಿನ ಶಾಸನದ ವಿಷಯದಲ್ಲೂ ಹೀಗೆಯೇ ಆಗಿದೆ. ಸುಮಾರು ಕ್ರಿ.ಶ. 890ರ ಆ ಕಲ್ಲಿನಲ್ಲಿ ‘ಬೆಂಗಳೂರ ಕಾಳಗ’ ಎಂಬ ಮಾತು ಬಂದಿರುವುದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆಯುತ್ತವೆ. ಗಂಗರ ಅಧಿಕಾರಿ ನಾಗತ್ತರನ ಮನೆಗೆ ಸೇರಿದವರು ಆ ಕಾಳಗದಲ್ಲಿ ಜೀವ ಬಿಟ್ಟರೆಂಬುದು ಓದುಗರ ಗಮನಕ್ಕೆ ಬರುವುದೇ ಇಲ್ಲ. ಆ ನಾಗತ್ತರನೂ ನೊಳಂಬರೊಡನೆ ಆನೆಯೆದುರು ಆನೆಯೊಡ್ಡಿ ಕಾದಿ ಮಡಿದವನು. ಅವನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿನ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಮಹಾಯುದ್ಧವನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಯುದ್ಧವದು. ದಕ್ಷಿಣ ಭಾರತದ ಚರಿತ್ರೆ ಬರೆಯುವವರೆಲ್ಲ ಈ ಕಲ್ಲನ್ನು ಉಲ್ಲೇಖಿಸಲೇಬೇಕು. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರದಲ್ಲಿ ಕೃಷ್ಣನಿಲ್ಲ, ಬೂತುಗನಿಲ್ಲ, ರಾಜಾದಿತ್ಯನೂ ಇಲ್ಲ. ಅಲ್ಲಿರುವುದು ಒಂದು ನಾಯಿ ಮತ್ತು ಒಂದು ಕಾಡುಹಂದಿ. ಬೂತುಗನ ಸೇವೆಯಲ್ಲಿದ್ದ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂಬ ಎಚ್ಚರಿಕೆಯೂ ಇದೆ. ಎರಡು ಸಾಮ್ರಾಜ್ಯಗಳ ಹಣೆಬರಹ ತಿರುಗಿದ ಯುದ್ಧದ ಸುದ್ದಿ ನಮಗೆ ಉಳಿದು ಬಂದದ್ದು ಒಬ್ಬ ಒಡೆಯನಿಗೆ ತನ್ನ ನಾಯಿಯ ಮೇಲಿದ್ದ ಅಕ್ಕರೆಯ ನೆರಳಿನಲ್ಲಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಕಲ್ಲಿನ ಮೇಲೆ ಗೌರವ ಹೆಚ್ಚುತ್ತದೆ.

ಇಲ್ಲಿಯೇ ಇನ್ನೊಂದು ಮಾತನ್ನೂ ಹೇಳಬೇಕು. ಆ ಗುಡಿ, ಆ ಕೆರೆ, ಕೆರೆಯ ಕೆಳಗಿನ ಆ ಗದ್ದೆ, ಇವುಗಳ ನಡುವೆ ನಿಂತಿದ್ದಾಗ ಈ ಶಾಸನದ ಪ್ರತಿಯೊಂದು ಸಾಲಿಗೂ ಕಣ್ಣೆದುರೇ ಸಾಕ್ಷಿಯಿತ್ತು. ಸಂಗ್ರಹಾಲಯ ಕಲ್ಲನ್ನು ಮಳೆಗಾಳಿಯಿಂದಲೂ ಕಳ್ಳರಿಂದಲೂ ಕಾಪಾಡಿದೆ, ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಗೋಡೆಗೆ ಒರಗಿಸಿಟ್ಟ ಕಲ್ಲಿಗೆ ಊರಿನ ದಿಕ್ಕು ದೆಸೆಗಳನ್ನು ತಂದುಕೊಡಲು ಯಾವ ಸಂಗ್ರಹಾಲಯಕ್ಕೂ ಸಾಧ್ಯವಿಲ್ಲ.

ವೀರಗಲ್ಲುಗಳ ಪಕ್ಕದಲ್ಲಿಯೇ ಎಷ್ಟೋ ಕಡೆ ಮಾಸ್ತಿಕಲ್ಲುಗಳಿವೆ; ಗಂಡ ಸತ್ತಾಗ ಬೆಂಕಿ ಹೊಕ್ಕ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿದ ತೋಳು, ಒಡೆಯದ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು, ಇಷ್ಟೇ ಅದರ ಗುರುತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆ ಎಂಬವಳ ಕಥೆಯನ್ನು ಕಾವ್ಯದಂತೆ ಹೇಳುತ್ತದೆ. ಗಂಡ ಏಚನನ್ನು ಅರಸನ ಅಪ್ಪಣೆಯಂತೆ ತಲಕಾಡಿನಲ್ಲಿ ಕೊಂದರೆಂದು ತಿಳಿದಾಗ, ಹೆತ್ತವರು ಬೇಡ ಬೇಡವೆಂದು ಕಾಲಿಗೆ ಬೀಳುವಂತೆ ಬೇಡಿಕೊಂಡರೂ ಅವಳು ಬೆಂಕಿಯನ್ನು ಹೊಕ್ಕಳು. ಈ ಶಾಸನದ ಕನ್ನಡ ಅತ್ಯಂತ ಸೊಗಸಾದದ್ದು. ಆದರೂ ಅದನ್ನು ಹೆಮ್ಮೆಯಿಂದ ಹಾಡುವುದು ತರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ತಡೆದವರ ಮಾತನ್ನೂ ಅಳಿಸದೆ ಬರೆದಿಟ್ಟ ಆ ಶಾಸನಕವಿಯ ಪ್ರಾಮಾಣಿಕತೆಗಾಗಿ ಅದನ್ನು ಓದಬೇಕು, ಆ ಹೆಣ್ಣಿಗಾಗಿ ನೋಯಬೇಕು.

ಈಗ ಈ ಕಲ್ಲುಗಳ ಸ್ಥಿತಿಗೆ ಬರೋಣ. ಹಳೆಯ ಮೈಸೂರಿನ ಕಡೆ ಜನ ಇವನ್ನು ವೀರಗಾರರೆಂದು ಪೂಜಿಸುತ್ತ ಬಂದರು. ಅಕ್ಷರ ಓದಲು ಬಾರದವರ ಆ ಅರಿಸಿನ ಕುಂಕುಮಗಳೇ ನೂರಾರು ವರ್ಷ ಕಲ್ಲನ್ನು ಕಾದವು. ಪೂಜೆ ನಿಂತ ಕಡೆ ಕಲ್ಲು ಅನಾಥವಾಯಿತು. ರಸ್ತೆ ಅಗಲ ಮಾಡುವಾಗ ಬುಲ್ಡೋಜರ್ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಚರಂಡಿಯ ಮೇಲೆ ಹಾಸುಗಲ್ಲಾಗುತ್ತದೆ. ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಅಡಿಯಲ್ಲಿ ನಿಧಿಯಿದೆಯೆಂಬ ಹುಚ್ಚಿನಿಂದ ಅಗೆದು ಉರುಳಿಸಿದವರೂ ಇದ್ದಾರೆ. ಭಕ್ತಿಯಿಂದಲೇ ಎಣ್ಣೆಬಣ್ಣ ಬಳಿದು ಅಕ್ಷರ ಮುಚ್ಚಿಸಿದ್ದೂ ಉಂಟು. ಬಿ.ಎಲ್. ರೈಸ್ ಅವರೂ ಅವರ ನಂತರ ಆರ್. ನರಸಿಂಹಾಚಾರ್ಯರೂ ಹಳ್ಳಿಹಳ್ಳಿ ಸುತ್ತಿಸಿ ಅಚ್ಚು ತೆಗೆಸದೆ ಹೋಗಿದ್ದರೆ, ಆ ಶಾಸನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಇಲ್ಲದೆ ಹೋಗಿದ್ದರೆ, ಎಷ್ಟೋ ವೀರರ ಹೆಸರೂ ನಮಗೆ ದಕ್ಕುತ್ತಿರಲಿಲ್ಲ.

ಅಚ್ಚು ತೆಗೆಯುವ ಆ ಕೆಲಸ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹಾಸಿ, ಕಾಗದ ಅಕ್ಷರದ ತಗ್ಗುಗಳಿಗೆ ಇಳಿಯುವಂತೆ ಬ್ರಷ್‌ನಿಂದ ಮೆಲ್ಲಗೆ ಬಡಿದು, ಸ್ವಲ್ಪ ಆರಿದ ಮೇಲೆ ಮಸಿ ತಟ್ಟುತ್ತಾರೆ; ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಶಾಸನಗಳನ್ನು ದಾಖಲಿಸುತ್ತಿದೆ. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳು ಕಂಪ್ಯೂಟರಿನ ಪರದೆಯ ಮೇಲೆ ಮತ್ತೆ ಓದಲು ಸಿಗುತ್ತಿವೆ. ಹೆಬ್ಬಾಳದಲ್ಲಿ ರಟ್ಟವಾಡಿಯವರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನ ಕಲ್ಲು ಎಂಟನೆಯ ಶತಮಾನದ್ದು, ಗಂಗ ಶ್ರೀಪುರುಷನ ಕಾಲದ್ದು. ನಗರದ ಗದ್ದಲದ ನಡುವೆ ಅದನ್ನು ಗುರುತಿಸಿದ ನಾಗರಿಕರು ಸ್ಥಳೀಯರೊಡನೆ ಸೇರಿ ಹೆಬ್ಬಾಳದಲ್ಲಿಯೇ ಮಂಟಪ ಕಟ್ಟಿಸಿ ನಿಲ್ಲಿಸಿದ್ದಾರೆ. ನಾನು ಬಯಸುವ ಮಾದರಿ ಅದು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆಯಿಷ್ಟು. ರಜೆಯಲ್ಲಿ ನಿಮ್ಮ ನಿಮ್ಮ ಊರಿಗೆ ಹೋದಾಗ ಅಲ್ಲಿರುವ ಕಲ್ಲುಗಳನ್ನು ನೋಡಿ ಬರೆದುಕೊಳ್ಳಿ: ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಪಟ್ಟಿಕೆಗಳಿವೆ, ಅಕ್ಷರವಿದೆಯೇ ಇಲ್ಲವೇ, ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ, ಯಾವ ಹಬ್ಬದಲ್ಲಿ ಯಾರ ಮನೆಯವರು ಪೂಜಿಸುತ್ತಾರೆ. ಸಂಜೆಯ ಓರೆಬಿಸಿಲಿನಲ್ಲಿ, ಇಲ್ಲವೇ ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆದರೆ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಕಲ್ಲನ್ನು ಉಜ್ಜಬೇಡಿ, ಆಸಿಡ್ ಹಾಕಬೇಡಿ, ಬಣ್ಣ ತುಂಬಬೇಡಿ. ಬಿದ್ದಿರುವ ಕಲ್ಲನ್ನು ನಿಮ್ಮಷ್ಟಕ್ಕೆ ಎತ್ತಿ ಬೇರೆಡೆ ನಿಲ್ಲಿಸದೆ, ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ. ನಿಮ್ಮ ಟಿಪ್ಪಣಿಗಳನ್ನು ಕಾಲೇಜಿನ ಇತಿಹಾಸ ವಿಭಾಗದಲ್ಲಿ ಒಂದೆಡೆ ಸೇರಿಸಿಡುವ ವ್ಯವಸ್ಥೆಯನ್ನು ಅಧ್ಯಾಪಕರು ಈ ವರ್ಷವೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.