ಕೊಯ್ಲಿಗೆ ಮುಂಚೆ ತಾಲೀಮು

ಕೇಳುಗರಿಗೆ ನಮಸ್ಕಾರ.

ತಿಪಟೂರು ಕಡೆ ದೀಪಾವಳಿ ಹತ್ತಿರ ಬಂತು ಅಂದರೆ ರಾಗಿ ತೆನೆ ಬಲಿಯುತ್ತಿರುತ್ತದೆ. ಕಳೆ ಕಿತ್ತು ಮುಗಿದಿದೆ, ಕೊಯ್ಲಿಗೆ ಇನ್ನೂ ದಿನ ಇದೆ. ಈ ಬಿಡುವಿನಲ್ಲೇ ನಮ್ಮ ಬಯಲುಸೀಮೆಯ ಯಕ್ಷಗಾನ, ಮೂಡಲಪಾಯದ ತಾಲೀಮು. ರಾಗಿ ಮನೆ ಸೇರಿದ ಮೇಲೆ ಆಟ.

ಯಕ್ಷಗಾನ ಅಂದ ಕೂಡಲೇ ಜನಕ್ಕೆ ಕರಾವಳಿ ನೆನಪಾಗುತ್ತದೆ. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲೂ ರಾತ್ರಿಯಿಡೀ ಕುಣಿಯುತ್ತಾರೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಇದರ ಮೇಲೆ ನಾಡಿನ ಕಣ್ಣು ಬೀಳುವಂತೆ ಮಾಡಿದವರಲ್ಲಿ ಜಾನಪದ ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ಮುಖ್ಯರು.

ತಾಲೀಮು ನಡೆಯೋದು ದೇವಸ್ಥಾನದ ಪಡಸಾಲೆಯಲ್ಲಿ. ಹಸು ಕರೆದು, ಡೈರಿಗೆ ಹಾಲು ಹಾಕಿ, ಮುದ್ದೆ ಉಂಡು ಎಲ್ಲರೂ ಸೇರುವಷ್ಟರಲ್ಲಿ ರಾತ್ರಿ ಒಂಬತ್ತಾಗಿರುತ್ತದೆ. ಹಾಡಿ ಆಟ ನಡೆಸುವ ಭಾಗವತರು ಆಗಲೇ ತಾಳ ಹಿಡಿದು ಕೂತಿರುತ್ತಾರೆ. ಈಗಿನ ಹುಡುಗರು ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಾಯಿಪಾಠ ಮಾಡಿಬಿಡುತ್ತಾರೆ. ಹೆಜ್ಜೆ ಮಾತ್ರ ಹಾಗೆ ಬರೋದಿಲ್ಲ. ಅದಕ್ಕೆ ಭಾಗವತರು ಕಾಲಿಗೆ ಗೆಜ್ಜೆ ಕಟ್ಟಿಸಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಕಥೆಯ ವೀರ ಕರಿಭಂಟನ ವೇಷದವನಿಗೆ ಗದರುತ್ತಾರೆ: "ಲೇ ತಮ್ಮ, ನೀನು ಕರಿಭಂಟ ಕಣೋ. ಹೊಲದ ಬದ ಹಾರೋನ ಥರ ಕುಣೀಬೇಡ!"

ಹಳೇ ವೇಷದ ಸಾಮಾನೆಲ್ಲ ಮರದ್ದು. ಕಿರೀಟ, ಭುಜಕೀರ್ತಿ, ಎದೆಕಟ್ಟು. ಹಗುರವಾದ ಮರ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿರುತ್ತಾರೆ. ಹಗುರ ಅಂದರೂ ಬೆಳಗಿನ ತನಕ ಹೊತ್ತರೆ ಭುಜ ಬಿದ್ದುಹೋಗುತ್ತದೆ. ಹೊಸಬರು ಸರಕ್ಕನೆ ತಿರುಗಿದರೆ ಭುಜಕೀರ್ತಿಯ ಅಂಚು ಕೆನ್ನೆಗೆ ಬಡಿಯುತ್ತದೆ. ಕತ್ತು ನೆಟ್ಟಗೆ ಇಟ್ಟುಕೊಂಡು ಸೊಂಟದಿಂದ ತಿರುಗಬೇಕು. ಅದಕ್ಕೇ ಕೊನೆಯ ತಾಲೀಮುಗಳನ್ನು ಸಾಮಾನು ಕಟ್ಟಿಕೊಂಡೇ ಮಾಡೋದು.

ಹನುಮನಾಯಕನಿಗೆ ಮಾತ್ರ ಇಷ್ಟು ಕಟ್ಟುನಿಟ್ಟಿಲ್ಲ. ಅವನು ರಾಜನಿಗೂ ಊರಿಗೂ ನಡುವಿನ ಹಾಸ್ಯಗಾರ, ಹೊಳೆದದ್ದನ್ನು ಆಡಬಹುದು. ಕೊಬ್ಬರಿ ರೇಟು ಬಿದ್ದ ವರ್ಷ ನಮ್ಮ ಹನುಮನಾಯಕ ರಂಗದ ಮೇಲೇ ಕೇಳಿಬಿಟ್ಟ: "ಸ್ವಾಮಿ, ತಮ್ಮ ರಾಜ್ಯದಾಗೆ ಕ್ವಿಂಟಲ್ ಕೊಬ್ಬರಿ ಎಷ್ಟು?" ರಾಜನ ವೇಷದವನೂ ತೆಂಗಿನ ತೋಟದವನೇ. ನಗು ತಡೆಯಲಾಗದೆ ತೆರೆಯ ಹಿಂದೆ ಓಡಿದ.

ಈಗ ನನ್ನ ತಕರಾರು ಹೇಳಿಬಿಡುತ್ತೇನೆ. ಹಿಮ್ಮೇಳದಲ್ಲಿ ಮದ್ದಳೆ, ತಾಳದ ಜೊತೆ ಮುಖವೀಣೆ ಇರಬೇಕು. ನೋಡೋಕೆ ಪುಟ್ಟ ನಾದಸ್ವರದಂತಿದೆ, ದನಿ ಮಾತ್ರ ಬಲು ಎತ್ತರ. ಭಾಗವತರೂ ಆ ಎತ್ತರಕ್ಕೇ ಹಾಡಬೇಕು. ಮೈಕ್ ಇಲ್ಲದ ಕಾಲದಲ್ಲಿ ಬಯಲಿನ ತುದಿಯಲ್ಲಿ ಕಂಬಳಿ ಹೊದ್ದು ಕೂತವರಿಗೂ ಕೇಳಿಸಬೇಕಿತ್ತು, ಅಲ್ವಾ? ಈಗ ನುಡಿಸುವವರು ಸಿಗೋದಿಲ್ಲ ಅಂತ ಹಾರ್ಮೋನಿಯಂ ಒಂದರಲ್ಲೇ ಮುಗಿಸುವುದು ಜಾಸ್ತಿಯಾಗಿದೆ. ಹಾರ್ಮೋನಿಯಂ ಮೇಲೆ ನನಗೇನೂ ಸಿಟ್ಟಿಲ್ಲ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡುತ್ತೇವೆ, ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಅದು ನಡೆಯೋದೇ ಇಲ್ಲ. ಆದರೆ ಮೂಡಲಪಾಯಕ್ಕೆ ಅದೊಂದೇ ಸಾಲದು. ಭಾಗವತರ ದನಿ ಇಳಿಯುತ್ತದೆ, ದನಿ ಇಳಿದರೆ ಕುಣಿತವೂ ಸಪ್ಪೆ.

ಆಟದ ರಾತ್ರಿಯ ಬಗ್ಗೆ ಹೆಚ್ಚು ಹೇಳೋದಿಲ್ಲ, ಅದನ್ನು ಬಂದು ನೋಡಬೇಕು. ಮೊದಲು ಕೋಡಂಗಿ, ಬಾಲಗೋಪಾಲರ ವೇಷಗಳು ಬಂದು ಕುಣಿಯುತ್ತವೆ. ಆಮೇಲೆ ತೆರೆ ಹಿಡಿದು ಒಬ್ಬೊಬ್ಬರನ್ನೇ ರಂಗಕ್ಕೆ ತರುತ್ತಾರೆ. ಕಾಳಗ ಶುರುವಾಗುವಷ್ಟರಲ್ಲಿ ಕೋಳಿ ಕೂಗುವ ಹೊತ್ತು.

ಈ ಸಲ ಓಲಗದವರ ಮನೆಯ ಹುಡುಗನೊಬ್ಬ ಮುಖವೀಣೆ ಹಿಡಿಯಲು ಒಪ್ಪಿದ್ದಾನೆ. ಉಸಿರು ಇನ್ನೂ ಪಳಗಿಲ್ಲ. ಹಾಗಾಗಿ ಮೊದಲ ಪದಗಳಿಗೆ ಅವನು, ಕಾಳಗಕ್ಕೆ ಹಾರ್ಮೋನಿಯಂ ಅಂತ ಭಾಗವತರು ತೀರ್ಮಾನ ಮಾಡಿದ್ದಾರೆ. ನನಗಂತೂ ಒಪ್ಪಿಗೆಯಿಲ್ಲ. ಮುಖವೀಣೆ ಬೇಕಿದ್ದದ್ದೇ ಕಾಳಗಕ್ಕೆ.

ನಮಸ್ಕಾರ.